ಮಡಚದ ತೋರುಬೆರಳು

ಟೀ ಲೋಟ ಹಿಡಿದರೂ ಅಷ್ಟೇ, ಛತ್ರಿ ಹಿಡಿದರೂ ಅಷ್ಟೇ, ಅವನ ಬಲಗೈಯ ತೋರುಬೆರಳು ಮಾತ್ರ ಮಡಚುತ್ತಿರಲಿಲ್ಲ. ಉಳಿದ ಬೆರಳುಗಳು ತಮ್ಮ ಪಾಡಿಗೆ ಕೆಲಸ ನೋಡಿಕೊಳ್ಳುತ್ತಿದ್ದವು. ಅದೊಂದು ಮಾತ್ರ ಲೋಟದ ಪಕ್ಕಕ್ಕೆ ನೆಟ್ಟಗೆ ಚಾಚಿಕೊಂಡು ಕಿಟಕಿಯನ್ನೋ, ಗೋಡೆ ಗಡಿಯಾರವನ್ನೋ, ಎದುರಿಗೆ ಕೂತ ನೆಂಟರ ಮೂಗನ್ನೋ ತೋರಿಸುತ್ತಿತ್ತು. ಮಗಳು ಚಿಕ್ಕಂದಿನಿಂದಲೂ ಇದನ್ನೇ ಒಂದು ತಮಾಷೆ ಮಾಡಿಕೊಂಡಿದ್ದಳು. ಅಪ್ಪ ಟೀ ಕುಡಿಯಲು ಕೂತರೆ ಸಾಕು, ಬೆರಳು ಹೋದ ಕಡೆ ಕತ್ತು ತಿರುಗಿಸಿ, ಅಲ್ಲೇನಿದೆಯಪ್ಪಾ ಎಂದು ಬಹಳ ಗಂಭೀರವಾಗಿ ಕೇಳುವಳು. ಅವನು ಪ್ರತಿಸಲವೂ ಮೋಸಹೋಗಿ ತಾನೂ ಆ ಕಡೆ ನೋಡುವನು.

ಅವನದು ಹಣದ ವ್ಯಾನಿನಲ್ಲಿ ಗಾರ್ಡ್ ಕೆಲಸ. ಬ್ಯಾಂಕಿನಿಂದ ಪೆಟ್ಟಿಗೆಗಳಲ್ಲಿ ನೋಟು ತುಂಬಿಕೊಂಡು ಊರಿನ ಎಟಿಎಂಗಳಿಗೆಲ್ಲ ಹಂಚಿ ಬರುವ ವ್ಯಾನು ಅದು. ಮುಂದೆ ಚಾಲಕ, ಅವನ ಬೆನ್ನಿಗೆ ಹೊಂದಿಕೊಂಡ ಸೀಟಿನಲ್ಲಿ ಸೊಂಟಕ್ಕೆ ಪಿಸ್ತೂಲು ಕಟ್ಟಿಕೊಂಡ ಇವನು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಕಂಪನಿಯ ಪಿಸ್ತೂಲು ಮೇಷ್ಟ್ರು ಮೊದಲ ಪಾಠ ಹೇಳಿಕೊಟ್ಟರು: ಹಾರಿಸಲೇಬೇಕು ಎಂದು ಮನಸ್ಸು ಗಟ್ಟಿ ಮಾಡಿಕೊಳ್ಳುವ ತನಕ ತೋರುಬೆರಳು ಟ್ರಿಗರಿನ ಹತ್ತಿರ ಸುಳಿಯಕೂಡದು, ಪಕ್ಕದಲ್ಲಿ ನೆಟ್ಟಗಿರಬೇಕು. ಜೊತೆಯಲ್ಲಿ ಕಲಿತವರೆಲ್ಲ ಆ ಪಾಠವನ್ನು ಪಿಸ್ತೂಲಿನ ಮಟ್ಟಿಗೆ ಇಟ್ಟುಕೊಂಡರು. ಇವನು ಪ್ರಪಂಚದ ಸಮಸ್ತ ವಸ್ತುಗಳಿಗೂ ಅನ್ವಯಿಸಿಬಿಟ್ಟ. ಬಾಚಣಿಗೆ, ಬೀಗದ ಕೈ, ಬಸ್ಸಿನ ಸರಳು, ಯಾವುದನ್ನು ಹಿಡಿದರೂ ನಾಲ್ಕೇ ಬೆರಳು. ಮಗಳು ಹುಟ್ಟಿದಾಗ ನರ್ಸು ಎತ್ತಿಕೊಟ್ಟ ಕೂಸನ್ನೂ ಹಾಗೆಯೇ ಹಿಡಿದುಕೊಂಡನಂತೆ. ಹೊರಗುಳಿದ ಐದನೆಯದನ್ನು ಕೂಸು ಗಬಕ್ಕನೆ ಹಿಡಿದುಕೊಂಡು ಬಿಡಲೇ ಇಲ್ಲವಂತೆ.

ಕಂಪನಿಯಲ್ಲಿ ಅವನನ್ನು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ವ್ಯಾನಿನ ಬಾಗಿಲಿಗೆ ಬೀಗ ಹಾಕಿ, ಜಗ್ಗಿ ನೋಡಿ, ಸ್ವಲ್ಪ ದೂರ ಹೋದ ಮೇಲೆ ತಡೆದು ನಿಂತು, "ಇನ್ನೊಂದ್ಸಲ ನೋಡಿಬಿಡ್ತೀನಿ" ಎಂದು ವಾಪಸು ಹೋಗುವುದು ಅವನ ಹುಟ್ಟುಗುಣ. ಹೀಗಾಗಿ ಅವನ ಹೆಸರೇ ಇನ್ನೊಂದ್ಸಲ ಎಂದಾಯಿತು. ಸ್ವಲ್ಪ ಮರ್ಯಾದೆ ಇಟ್ಟುಕೊಂಡವರು ಇನ್ನೊಂದ್ಸಲಣ್ಣ ಎನ್ನುತ್ತಿದ್ದರು. ಮನೆಯಲ್ಲೂ ಅದೇ ಕಥೆ. ಗ್ಯಾಸು ಆರಿಸಿದ್ದು, ನಲ್ಲಿ ತಿರುಗಿಸಿದ್ದು, ಇಸ್ತ್ರಿಪೆಟ್ಟಿಗೆಯ ಪ್ಲಗ್ಗು ಕಿತ್ತಿದ್ದು ಎಲ್ಲವನ್ನೂ ಇನ್ನೊಂದ್ಸಲ ನೋಡಿ ಹೊರಡುವಷ್ಟರಲ್ಲಿ ಹೊತ್ತಾಗಿ, ಅವರ ಕುಟುಂಬ ಯಾವ ಸಿನಿಮಾದ ಮೊದಲ ಭಾಗವನ್ನೂ ನೋಡಿದ್ದಿಲ್ಲ. ಹೆಂಡತಿ ಇದನ್ನು ನೆಂಟರ ಮುಂದೆ ಹೇಳಿ ನಗಿಸುತ್ತಿದ್ದಳು. ತಾನು ಮದುವೆಗೆ ಒಪ್ಪಿಗೆ ಎಂದು ಬಾಯಿಬಿಟ್ಟು ಹೇಳಿದ ಮೇಲೂ ಈ ಮಹಾರಾಯ ಮಾರನೆಯ ದಿನ ಬಂದು ಇನ್ನೊಂದ್ಸಲ ಕೇಳಿಕೊಂಡು ಹೋದದ್ದು ಅವಳ ಮೆಚ್ಚಿನ ಕಥೆ.

ಬೆಳಿಗ್ಗೆ ಆಯುಧದ ಕೋಣೆಯ ಕಿಂಡಿಯಲ್ಲಿ ಪಿಸ್ತೂಲು ಇಸಿದುಕೊಂಡು, ಮೂಲೆಯಲ್ಲಿರುವ ಮರಳಿನ ಡ್ರಮ್ಮಿಗೆ ಮೂತಿ ಹಿಡಿದು ಗುಂಡು ತುಂಬಬೇಕು. ಸಂಜೆ ಬಂದು ಅದೇ ಮರಳಿಗೆ ಮೂತಿ ಹಿಡಿದು ಗುಂಡು ತೆಗೆಯಬೇಕು. ಅಕಸ್ಮಾತ್ ಹಾರಿದರೂ ಗುಂಡು ಮರಳಿನ ಹೊಟ್ಟೆ ಸೇರಲಿ ಎಂದು ಈ ಏರ್ಪಾಡು. ಇನ್ನೊಂದ್ಸಲಣ್ಣ ಆ ಮರಳಿನಲ್ಲಿ ಕಲ್ಲು ಕಂಡರೆ ಆರಿಸಿ ತೆಗೆಯುತ್ತಿದ್ದ. ಗುಂಡು ಕಲ್ಲಿಗೆ ಬಡಿದು ತಿರುಗಿ ಬಂದರೆ ಎಂದು ಅವನ ಭಯ. ಉಳಿದ ಗಾರ್ಡುಗಳು, ಅಕ್ಕಿ ಆರಿಸೋದು ಮುಗೀತೇನಪ್ಪಾ ಎಂದು ಕಾಲೆಳೆಯುತ್ತಿದ್ದರು. ಮೇಷ್ಟ್ರು ಮಾತ್ರ ಕಿಂಡಿಯ ಒಳಗಿನಿಂದ ನೋಡಿ ಮೀಸೆಯಲ್ಲೇ ನಗುತ್ತಿದ್ದರು. ಅಷ್ಟು ವರ್ಷ ಕಲಿಸಿದ್ದರಲ್ಲಿ ಒಬ್ಬನಾದರೂ ಕಿವಿಗೊಟ್ಟು ಕೇಳಿಸಿಕೊಂಡಿದ್ದಾನಲ್ಲ ಎಂಬ ಸಮಾಧಾನ ಅವರದು.

ಅವನ ಹೆಂಡತಿ ಹೊಲಿಗೆಯವಳು. ಬಟ್ಟೆ ಹೊಲಿಯುವವರು ಬೀದಿಗೆ ಇಬ್ಬರು ಸಿಗುತ್ತಾರೆ. ಇವಳು ಹೊಲಿಯುತ್ತಿದ್ದದ್ದು ಬ್ಯಾಗು, ಬೆಲ್ಟು, ಚಪ್ಪಲಿಯ ಪಟ್ಟಿ, ಸೈಕಲ್ಲಿನ ಸೀಟು. ಬೀದಿಗೆ ತೆರೆದುಕೊಂಡ ಮುಂದಿನ ಕೋಣೆಯಲ್ಲಿ ಒಂದು ಹಳೆಯ ಭಾರಿ ಮಷೀನು, ಪಕ್ಕದಲ್ಲಿ ದಪ್ಪ ಸೂಜಿಗಳ ಡಬ್ಬಿ, ಮೇಣ ಹಚ್ಚಿದ ದಾರದ ಉಂಡೆ. ಅವಳು ಹಾಕಿದ ಹೊಲಿಗೆಯ ಮೇಲೆ ಗಿರಾಕಿಗಳದು ಒಂದೇ ದೂರು: ಬ್ಯಾಗು ಹರಿದು ಚಿಂದಿಯಾದರೂ ಹೊಲಿಗೆ ಬಿಚ್ಚುವುದಿಲ್ಲ. ಆ ದೂರು ಕೇಳಿದ ದಿನ ಅವಳಿಗೆ ಊಟ ಹೆಚ್ಚು ಸೇರುತ್ತಿತ್ತು.

ಅವಳಿಗೆ ಗಂಡನ ಮೇಲೂ ಒಂದು ದೂರಿತ್ತು. ರಸ್ತೆ ದಾಟುವಾಗ ಅವನು ಅವಳ ಕೈ ಹಿಡಿಯುತ್ತಿದ್ದ. ಮದುವೆಯಾದಾಗಿನಿಂದ ತಪ್ಪದ ಪದ್ಧತಿ ಅದು, ಖಾಲಿ ರಸ್ತೆಯಾದರೂ ಸರಿ. ಆದರೆ ಆಗಲೂ ಆ ತೋರುಬೆರಳು ಅವಳ ಮಣಿಕಟ್ಟಿನ ಮೇಲೆ ನೆಟ್ಟಗೆ ಮಲಗಿರುತ್ತಿತ್ತು. ಹೆಂಡತಿಯ ಕೈ ಹಿಡಿಯುವಾಗಲಾದರೂ ಅದನ್ನು ಮಡಚಬಾರದೇ, ಮುನಿಸಿಕೊಂಡ ನೆಂಟನ ಹಾಗೆ ಅದೊಂದು ಯಾಕೆ ದೂರ ನಿಲ್ಲಬೇಕು ಎಂದು ಅವಳು ಗೊಣಗುವಳು. ಅವನು ನಾಚಿಕೊಂಡು ಮಡಚುವನು. ರಸ್ತೆಯ ನಡುವೆ ಬರುವಷ್ಟರಲ್ಲಿ ಅದು ತಾನಾಗಿಯೇ ಚಾಚಿಕೊಂಡಿರುತ್ತಿತ್ತು.

ಹೀಗೆ ಹಾಯಾಗಿ ನಡೆಯುತ್ತಿದ್ದ ಸಂಸಾರಕ್ಕೆ ಹೊಸ ಪಿಸ್ತೂಲುಗಳು ಬಂದವು.

ಹಳೆಯವು ಸವೆದಿವೆ ಎಂದು ಕಂಪನಿ ಹೊಳೆಹೊಳೆಯುವ ಹೊಸವನ್ನು ತರಿಸಿತು. ಅವುಗಳ ಜೊತೆ ಹೊಸ ಚರ್ಮದ ಪೌಚುಗಳೂ ಬರಬೇಕಿತ್ತು. ಬರುತ್ತವೆ, ಬರುತ್ತವೆ ಎಂದರು, ಬರಲಿಲ್ಲ. ಇನ್ನೊಂದ್ಸಲಣ್ಣನ ಹಳೆಯ ಪೌಚಿನ ಒಳಪದರ ಕಿತ್ತುಹೋಗಿ ಪಿಸ್ತೂಲು ಅದರಲ್ಲಿ ಲೊಡಲೊಡ ಅಲುಗಾಡುತ್ತಿತ್ತು. ಸೊಂಟದಲ್ಲಿ ಆಯುಧ ಅಲುಗಾಡಿದರೆ ಅವನಿಗೆ ನಿದ್ದೆ ಬರುವುದುಂಟೇ? ಮನೆಗೆ ತಂದು ಹೆಂಡತಿಯ ಮುಂದಿಟ್ಟ. ಪಿಸ್ತೂಲನ್ನು ಕಂಪನಿಯಿಂದ ಮನೆಗೆ ತರುವಂತಿಲ್ಲ. ಆದ್ದರಿಂದ ಅದರ ಆಕಾರವನ್ನು ರಟ್ಟಿನ ಮೇಲೆ ಗೆರೆ ಎಳೆದು, ಕತ್ತರಿಸಿ ತಂದುಕೊಟ್ಟ. ಅವಳು ಹಳೆಯ ಬ್ಯಾಗೊಂದರ ಮೆತ್ತನೆಯ ಚರ್ಮ ಕತ್ತರಿಸಿ, ರಟ್ಟಿನ ಪಿಸ್ತೂಲನ್ನು ಒಳಗಿಟ್ಟು ಅಳತೆ ನೋಡಿ, ಒಳಪದರಕ್ಕೆ ಎರಡೆರಡು ಸಾಲು ಹೊಲಿಗೆ ಹಾಕಿದಳು. ಮಾರನೆಯ ದಿನ ಅದು ಪಿಸ್ತೂಲಿಗೆ ಎಷ್ಟು ಬಿಗಿಯಾಗಿ ಕೂತಿತೆಂದರೆ ಉಳಿದ ಗಾರ್ಡುಗಳು ಮುಟ್ಟಿ ಮುಟ್ಟಿ ನೋಡಿದರು. ಅವನು ಹೆಂಡತಿಯ ಕೆಲಸ ಎಂದು ಎದೆಯುಬ್ಬಿಸಿ ಹೇಳಿಕೊಂಡ.

ಅದಾಗಿ ಕೆಲವು ವಾರಕ್ಕೆ ಗುಂಡು ಹಾರಿತು.

ವ್ಯಾನು ಒಂದು ಎಟಿಎಂ ಮುಂದೆ ನಿಂತಿತ್ತು. ಚಾಲಕ ತನ್ನ ಸೀಟಿನಲ್ಲಿದ್ದ, ನೋಟು ತುಂಬುವವನು ಕೆಳಗಿಳಿದು ಎಟಿಎಂ ಬಾಗಿಲು ತೆಗೆಯುತ್ತಿದ್ದ. ಇನ್ನೊಂದ್ಸಲಣ್ಣ ವ್ಯಾನಿನ ಒಳಗೆ ಬಗ್ಗಿ, ಹಣದ ಪೆಟ್ಟಿಗೆಯ ಎರಡು ಹಿಡಿಗಳನ್ನು ಎರಡು ಕೈಯಲ್ಲಿ ಹಿಡಿದು ಎತ್ತಿದ. ಪೆಟ್ಟಿಗೆಯ ಮೂಲೆ ಸೊಂಟಕ್ಕೆ ಮೆಲ್ಲನೆ ತಾಗಿತು. ಆ ಪುಟ್ಟ ತಗಡಿನ ಡಬ್ಬಿಯಂಥ ಜಾಗದಲ್ಲಿ ಆ ಸದ್ದು ಕಿವಿಯನ್ನೇ ಕಿತ್ತುಕೊಂಡು ಹೋದಂತಾಯಿತು. ನೋವು ಆಮೇಲೆ ಬಂತು. ಗುಂಡು ಮೀನಖಂಡವನ್ನು ತೂರಿಕೊಂಡು ವ್ಯಾನಿನ ನೆಲಕ್ಕೆ ಹೊಕ್ಕಿತ್ತು. ನಿಂತಲ್ಲೇ ಕುಸಿದು ಅವನು ಮೊದಲು ನೋಡಿದ್ದು ಕಾಲನ್ನಲ್ಲ, ಕೈಯನ್ನು. ಎರಡೂ ಕೈ ಇನ್ನೂ ಪೆಟ್ಟಿಗೆಯ ಹಿಡಿಗಳ ಮೇಲಿದ್ದವು. ತೋರುಬೆರಳು ನೆಟ್ಟಗಿತ್ತು.

ಆಸ್ಪತ್ರೆಯಲ್ಲಿ ಡಾಕ್ಟರು, ಮೂಳೆ ತಪ್ಪಿಸಿಕೊಂಡಿದೆ, ನಿಮ್ಮ ಪುಣ್ಯ ಎಂದರು. ಪಿಸ್ತೂಲನ್ನು ಚಾಲಕ ಕಂಪನಿಗೆ ಒಯ್ದಿದ್ದ. ಬಟ್ಟೆ, ಬೆಲ್ಟು, ಪೌಚು ಇವನ್ನು ನರ್ಸು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಹೆಂಡತಿಯ ಕೈಗೆ ಕೊಟ್ಟಿದ್ದಳು. ಮಂಪರಿನಿಂದ ಅವನು ಕಣ್ಣು ಅರ್ಧ ತೆರೆದಾಗ ಅವಳು ಕಿಟಕಿಯ ಹತ್ತಿರ ಬೆನ್ನು ಬಗ್ಗಿಸಿ ನಿಂತಿದ್ದಳು. ಪೌಚಿನೊಳಗೆ ಎರಡು ಬೆರಳು ಹಾಕಿ ತನ್ನ ಹೊಲಿಗೆಯನ್ನು ಉದ್ದಕ್ಕೂ ತಡವುತ್ತಿದ್ದಳು. ಒಂದು ಕಡೆ ಬೆರಳು ನಿಂತಿತು. ಅವಳ ಮುಖದಲ್ಲಿ ರಕ್ತವೇ ಇರಲಿಲ್ಲ.

ಆಗ ಅವನಿಗೆ ಹೊಳೆಯಿತು. ರಟ್ಟಿನ ಪಿಸ್ತೂಲಿಗೆ ದಪ್ಪವೆಲ್ಲಿದೆ? ಗುಂಡು ಹಾರದಂತೆ ತಡೆಯುವ ಸೇಫ್ಟಿಯ ಪುಟ್ಟ ಗುಬುಟು ರಟ್ಟಿನಲ್ಲಿ ಎಲ್ಲಿಂದ ಬರಬೇಕು? ಅಷ್ಟು ಬಿಗಿಯಾಗಿದ್ದ ಒಳಪದರ ಸೇಫ್ಟಿಯನ್ನು ಕೆಳಗೆ ಒತ್ತಿರಬೇಕು, ಬಗ್ಗಿದಾಗ ಚರ್ಮ ಮಡಿಕೆಯಾಗಿ ಟ್ರಿಗರಿಗೆ ಸಿಕ್ಕಿರಬೇಕು. ಪಿಸ್ತೂಲಿನದೇ ತಪ್ಪಿರಬಹುದು ಎಂಬ ಯೋಚನೆ ಅವನ ತಲೆಗೆ ಬರಲೇ ಇಲ್ಲ. ಸೇಫ್ಟಿ ಹಾಕಿದ ಪಿಸ್ತೂಲು ಬರೀ ಕಬ್ಬಿಣ ಎಂದು ಮೇಷ್ಟ್ರು ಹೇಳಿಕೊಟ್ಟಿದ್ದರು, ಮೇಷ್ಟ್ರ ಮಾತು ಅವನಿಗೆ ಕಲ್ಲಿನ ಮೇಲೆ ಕೊರೆದ ಹಾಗೆ. ಉಳಿದದ್ದು ಹೊಲಿಗೆಯೊಂದೇ.

ಅಷ್ಟರಲ್ಲಿ ಮ್ಯಾನೇಜರು ಬಂದರು. ಕೆಟ್ಟ ಮನುಷ್ಯನೇನಲ್ಲ, ಹಣ್ಣು ತಂದಿದ್ದರು, ನೋವು ಹೇಗಿದೆ ಎಂದು ವಿಚಾರಿಸಿದರು. ಆಮೇಲೆ, ಮೇಲಿನವರಿಗೆ ಉತ್ತರ ಕೊಡಬೇಕಲ್ಲಪ್ಪಾ, ಟ್ರಿಗರಿಗೆ ಕೈ ಹೋಗಿತ್ತಾ ಎಂದು ಕೇಳಿದರು. ಇಲ್ಲ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಬೆರಳಲ್ಲ ಎಂದರೆ ಮತ್ತೇನು ಎಂದು ಕೇಳುತ್ತಾರೆ, ಪೌಚು ತೋರಿಸು ಎನ್ನುತ್ತಾರೆ, ಹೊಲಿದವರು ಯಾರು ಎನ್ನುತ್ತಾರೆ. ಕಿಟಕಿಯ ಹತ್ತಿರ ಹೆಂಡತಿ ಪೌಚನ್ನು ಸೆರಗಿನ ಮರೆಯಲ್ಲಿ ಎದೆಗೆ ಅವುಚಿಕೊಂಡಿದ್ದಳು.

"ಬೆರಳು ತಾಗಿರ್ಬೇಕು ಸಾರ್" ಎಂದ ಇನ್ನೊಂದ್ಸಲಣ್ಣ.

ಗ್ಯಾಸಿನ ಗುಬುಟನ್ನು ಮತ್ತೆ ಮತ್ತೆ ನೋಡುವ ಆಸಾಮಿ ಈ ಮಾತನ್ನು ಇನ್ನೊಂದ್ಸಲ ಯೋಚಿಸದೆ ಹೇಳಿಬಿಟ್ಟ. ಪ್ರೀತಿಯಲ್ಲಿ ಮನುಷ್ಯ ಎಂಥ ಎಡವಟ್ಟು ಕೆಲಸವನ್ನೂ ಎಷ್ಟು ಸಲೀಸಾಗಿ ಮಾಡುತ್ತಾನೆ ಎಂದು ನನಗೆ ಈಗಲೂ ಆಶ್ಚರ್ಯ.

ಕಾಲು ವಾಸಿಯಾಯಿತು, ಸ್ವಲ್ಪ ಕುಂಟು ಉಳಿಯಿತು. ವ್ಯಾನಿನಿಂದ ಇಳಿಸಿ ಅವನನ್ನು ಕಂಪನಿಯ ಗೇಟಿನಲ್ಲಿ ಕೂರಿಸಿದರು. ಗಾಡಿ ಬಂದರೆ ಅಡ್ಡಗಂಬ ಎತ್ತುವುದು, ಹೋದರೆ ಇಳಿಸುವುದು. ಹಳೆಯ ಅಡ್ಡಹೆಸರು ಈಗ ಮುಳ್ಳಾಯಿತು. ಏನಪ್ಪಾ, ಇನ್ನೊಂದ್ಸಲ ಹಾರಿಸ್ತೀಯಾ ಎಂದು ಹೋಗುವವರು ಬರುವವರು ಕೇಳುವರು. ಅವನು ನಕ್ಕು ಅಡ್ಡಗಂಬ ಎತ್ತುವನು. ಅದೆಲ್ಲ ಅವನನ್ನು ಅಷ್ಟು ಚುಚ್ಚಲಿಲ್ಲ. ಚುಚ್ಚಿದ್ದು ಮೇಷ್ಟ್ರ ಮೌನ. ಆಸ್ಪತ್ರೆಗೂ ಅವರು ಬಂದಿರಲಿಲ್ಲ. ಬೆರಳು ತಾಗಿತೆಂದು ಒಪ್ಪಿಕೊಂಡ ಸುದ್ದಿ ಕೇಳಿ, ಆ ಪಿಸ್ತೂಲನ್ನು ಬಿಚ್ಚಿಯೂ ನೋಡದೆ ಬೀರುವಿನಲ್ಲಿಟ್ಟು ಬೀಗ ಹಾಕಿದರಂತೆ. ಆ ದಿನ ಮಧ್ಯಾಹ್ನದ ಊಟದ ಡಬ್ಬಿಯನ್ನೂ ತೆರೆಯಲಿಲ್ಲವಂತೆ. ಈಗ ಗೇಟು ದಾಟುವಾಗ ಅವರು ಇವನ ಕೈ ಕಡೆ ಒಂದು ಸಲ ನೋಡಿ, ಮುಖ ತಿರುಗಿಸಿಕೊಂಡು ಹೋಗುತ್ತಿದ್ದರು.

ಹೋಗಲಿ, ಹೆಂಡತಿ ನೆಮ್ಮದಿಯಾಗಿದ್ದಾಳಲ್ಲ ಎಂದುಕೊಳ್ಳೋಣವೆಂದರೆ ಅದೂ ಇಲ್ಲ. ಅವಳು ಚರ್ಮದ ಕೆಲಸ ಬಿಟ್ಟುಬಿಟ್ಟಳು. ಕಣ್ಣು ಸರಿಯಾಗಿ ಕಾಣಲ್ಲ ಎಂದು ಗಿರಾಕಿಗಳನ್ನು ವಾಪಸು ಕಳಿಸಿದಳು. ದಪ್ಪ ಸೂಜಿಗಳ ಡಬ್ಬಿ ಅಟ್ಟದ ಮೇಲೆ ಹೋಯಿತು. ಹುಡುಗಿಯರ ಬಟ್ಟೆಗೆ ಗುಂಡಿ ಹಾಕುವುದು, ಅಂಚು ಮಡಚುವುದು, ಅಷ್ಟೇ. ಹಾಕಿದ ಹೊಲಿಗೆಯನ್ನು ತಾನೇ ಜಗ್ಗಿ ನೋಡಿ, ಬಿಚ್ಚಿ, ಮತ್ತೆ ಹಾಕುವಳು. ಗಂಡನ ರೋಗ ಹೆಂಡತಿಗೆ ಅಂಟಿತು ಎಂದು ನಗುವ ಹಾಗಿತ್ತು, ಆದರೆ ಮನೆಯಲ್ಲಿ ಯಾರೂ ನಗುತ್ತಿರಲಿಲ್ಲ. ಟೀ ಕುಡಿಯುವಾಗ ಮಗಳು ಬೆರಳು ಹೋದ ಕಡೆ ನೋಡುವುದನ್ನು ನಿಲ್ಲಿಸಿದ್ದಳು. ಗಂಡ ಹೆಂಡತಿ ಒಬ್ಬರಿಗೊಬ್ಬರು ಬಹಳ ಮರ್ಯಾದೆಯಿಂದ, ಟೀ ಬೇಕಾ, ಬೇಡ, ಸಾಕು ಎಂದು ಮಾತಾಡಿಕೊಳ್ಳುತ್ತಿದ್ದರು. ಅವಳ ಮನಸ್ಸಿನ ಭಾರ ಇಳಿಸಲು ತಾನು ಹೊತ್ತ ಸುಳ್ಳು ಅವಳನ್ನು ಇನ್ನಷ್ಟು ಕುಗ್ಗಿಸುತ್ತಿದೆಯೇನೋ ಎಂದು ಅವನಿಗೆ ಅನುಮಾನ. ಕೇಳಲು ಧೈರ್ಯವಿಲ್ಲ.

ವ್ಯಾನಿನಲ್ಲಿ ಅವನ ಜಾಗಕ್ಕೆ ಬಂದವನು ಹಾಡುಗಾರ. ಸಿನಿಮಾ ಹಾಡು ಗುನುಗದೆ ಒಂದು ಹೆಜ್ಜೆ ಇಡದವನು, ಅದಕ್ಕೇ ಆ ಹೆಸರು. ಒಂದು ಸಂಜೆ ಅವನು ಗೇಟಿಗೆ ಬಂದು ಸುಮ್ಮನೆ ನಿಂತ. ಬಾಯಲ್ಲಿ ಹಾಡಿಲ್ಲ. ಅತ್ತ ಇತ್ತ ನೋಡಿ ತಗ್ಗಿದ ದನಿಯಲ್ಲಿ ಹೇಳಿದ. ಹಿಂದಿನ ದಿನ ಮರಳಿನ ಡ್ರಮ್ಮಿನ ಹತ್ತಿರ ಗುಂಡೆಲ್ಲ ತೆಗೆದು, ಸೇಫ್ಟಿ ಹಾಕಿ, ತನ್ನ ಹೊಸ ಪಿಸ್ತೂಲನ್ನು ಕಿಂಡಿಯ ಕಟ್ಟೆಯ ಮೇಲೆ ಇಡುತ್ತಿದ್ದಂತೆ ಅದು ತಾನಾಗಿಯೇ ಕಟಕ್ ಎಂದಿತಂತೆ. ಗುಂಡಿಗೆ ಬಡಿದು ಹಾರಿಸುವ ಪುಟ್ಟ ಸುತ್ತಿಗೆ ಬಿದ್ದ ಸದ್ದು. ಗುಂಡಿದ್ದಿದ್ದರೆ ಹಾರುತ್ತಿತ್ತು.

ಮೇಷ್ಟ್ರಿಗೆ ಹೇಳಿದೆಯಾ ಎಂದು ಇನ್ನೊಂದ್ಸಲಣ್ಣ ಕೇಳಿದ.

"ಹೆಂಗೆ ಹೇಳ್ಲಿ ಅಣ್ಣ? ನೀನೇ ಬೆರಳು ತಾಗ್ತು ಅಂತ ಒಪ್ಕೊಂಡ್ಮೇಲೆ, ನನ್ನ ಮಾತು ಯಾರು ನಂಬ್ತಾರೆ? ನನ್ನನ್ನೂ ತಂದು ಇಲ್ಲಿ ಕೂರಿಸ್ತಾರೆ."

ಹಾಡುಗಾರ ಮರೆಗುಳಿ. ಟೋಪಿಯನ್ನು ತಲೆಯ ಮೇಲಿಟ್ಟುಕೊಂಡು ಟೋಪಿ ಹುಡುಕುವವನು. ಅವನೇ ಏನೋ ಒತ್ತಿರಬಹುದು, ಗೊತ್ತಾಗಿರಲಿಕ್ಕಿಲ್ಲ ಎಂದು ಇನ್ನೊಂದ್ಸಲಣ್ಣ ತನಗೆ ತಾನೇ ಹೇಳಿಕೊಂಡ. ಆದರೆ ಮಾರನೆಯ ಬೆಳಿಗ್ಗೆ ವ್ಯಾನು ಗೇಟಿಗೆ ಬಂದಾಗ ಅವನು ಅಡ್ಡಗಂಬ ಎತ್ತಲು ಮರೆತು ಒಳಗೆ ನೋಡಿದ. ಹಾಡುಗಾರ ಕಾಲು ಮಡಚಿ ಕೂತಿದ್ದ. ಹಾಗೆ ಕೂತಾಗ ಸೊಂಟದ ಪಿಸ್ತೂಲಿನ ಮೂತಿ ಮುಂದಿನ ಸೀಟಿನ ಬೆನ್ನಿಗೆ ಗುರಿಯಾಗಿತ್ತು. ಆ ಸೀಟಿನಲ್ಲಿ ಚಾಲಕ. ಅವಳಿ ಮಕ್ಕಳ ತಂದೆ. ಆಸ್ಪತ್ರೆಗೆ ಸೇರಿಸುವಾಗ ಇನ್ನೊಂದ್ಸಲಣ್ಣನ ರಕ್ತ ಅವನ ಅಂಗಿಗೆಲ್ಲ ಆಗಿತ್ತು. ಯಾಕಣ್ಣ, ನಾವೇನು ಇಲ್ಲೇ ಮನೆ ಮಾಡ್ಬೇಕಾ ಎಂದು ಅವನು ನಕ್ಕ. ಇನ್ನೊಂದ್ಸಲಣ್ಣ ಅಡ್ಡಗಂಬ ಎತ್ತಿದ.

ಹೇಳದಿದ್ದರೆ ಆ ಸೀಟಿನ ಬೆನ್ನು. ಹೇಳಿದರೆ ಪೌಚು ಪರೀಕ್ಷೆಗೆ ಹೋಗುತ್ತದೆ. ಹಾಡುಗಾರನ ಪಿಸ್ತೂಲು ಸದ್ದು ಮಾಡಿದ್ದು ಅವನ ಮರೆವಿನಿಂದ, ಇವನ ಗುಂಡು ಹಾರಿದ್ದು ಹೊಲಿಗೆಯಿಂದ ಎಂದಾದರೆ, ಹೆಂಡತಿ ಇನ್ನು ಬದುಕಿರುವಷ್ಟು ದಿನ ಅವನ ಕುಂಟು ಕಾಲಿನ ಸದ್ದು ಕೇಳಿದಾಗಲೆಲ್ಲ ತನ್ನ ಕೈಯನ್ನೇ ನೋಡಿಕೊಳ್ಳುತ್ತಾಳೆ. ಅವನಿಗೆ ಗುಂಡಿನ ನೋವು ಗೊತ್ತಿತ್ತು. ಅದಕ್ಕಿಂತ ಇದು ಹೆಚ್ಚು.

ಮಾರನೆಯ ದಿನ ರಜೆ. ಮಧ್ಯಾಹ್ನ ಹೆಂಡತಿ ಮುಂದಿನ ಕೋಣೆಯಲ್ಲಿ ಹೊಲಿದ ಬಟ್ಟೆಗಳಿಗೆ ಇಸ್ತ್ರಿ ಹಾಕುತ್ತಿದ್ದಳು. ನೀರಿನ ಸ್ಪ್ರೇ ಬಾಟಲಿಯನ್ನು ಅವನ ಕೈಗೆ ಕೊಟ್ಟು, ಸ್ವಲ್ಪ ಹೊಡೀರಿ ಎಂದಳು. ಅವನು ಚಾಲಕನ ಅವಳಿ ಮಕ್ಕಳನ್ನು ನೆನೆಸಿಕೊಳ್ಳುತ್ತ, ಬಟ್ಟೆಯ ಮೇಲೆ ಚಿಸ್ ಚಿಸ್ ಎಂದು ನೀರು ಹೊಡೆಯತೊಡಗಿದ. ಇಸ್ತ್ರಿಪೆಟ್ಟಿಗೆ ಬರಲಿಲ್ಲ. ತಲೆ ಎತ್ತಿ ನೋಡಿದರೆ ಅವಳು ಅದನ್ನು ನೆಟ್ಟಗೆ ನಿಲ್ಲಿಸಿ ಅವನ ಕೈಯನ್ನೇ ನೋಡುತ್ತಿದ್ದಳು. ಅವನೂ ನೋಡಿಕೊಂಡ. ಬಾಟಲಿಯ ಕೊಕ್ಕೆಯನ್ನು ಒತ್ತುತ್ತಿದ್ದದ್ದು ನಡುಬೆರಳು. ತೋರುಬೆರಳು ಬಾಟಲಿಯ ಕುತ್ತಿಗೆಯ ಪಕ್ಕಕ್ಕೆ ನೆಟ್ಟಗೆ ಚಾಚಿಕೊಂಡಿತ್ತು.

"ನೀರು ಹೊಡೆಯೋಕೂ ಮಡಚಲ್ಲ ಈ ಬೆರಳು" ಎಂದಳು ಅವಳು. "ಇದು ತಾಗ್ತು ಅಂತ ಅವತ್ತು ಹೇಳಿದ್ರಲ್ಲ. ಆಗ್ಲೇ ನಂಗೆ ಗೊತ್ತಾಯ್ತು, ಸುಳ್ಳು ಅಂತ."

ಅವನು ಬಾಟಲಿಯನ್ನು ಕೆಳಗಿಟ್ಟ.

"ಯಾರಿಗೋಸ್ಕರ ಹೇಳಿದ್ರಿ ಅಂತಾನೂ ಗೊತ್ತಿತ್ತು ರೀ. ಆದ್ರೂ ಸುಮ್ಮನಿದ್ದೆ. ಹೊಲಿಗೆ ಒಂದು ಕಡೆ ಉಬ್ಬಿತ್ತು, ಬೆರಳಿಗೆ ಸಿಕ್ತು. ನನ್ನ ಕೈಯಾರೆ ನಿಮ್ಮ ಕಾಲು ತೂತು ಮಾಡ್ದೆ ಅಂತ ಕೇಳೋ ಧೈರ್ಯ ನಂಗಿರ್ಲಿಲ್ಲ." ಅವಳು ಅಳಲಿಲ್ಲ. ಸೆರಗಿನಿಂದ ಬಟ್ಟೆಯ ಮೇಲಿನ ಹೆಚ್ಚಿನ ನೀರು ಒರೆಸಿದಳು. "ನೀವು ಕೆಟ್ಟ ಹೆಸರು ಹೊತ್ಕೊಂಡು ಗೇಟಲ್ಲಿ ಕೂತಿರಿ. ನಾನು ನೋಡ್ಕೊಂಡು ಗುಂಡಿ ಹೊಲೀತಾ ಕೂತೆ."

ಆಗ ಅವನು ಹಾಡುಗಾರನ ಪಿಸ್ತೂಲು, ಕಟಕ್ ಸದ್ದು, ಚಾಲಕನ ಸೀಟು ಎಲ್ಲವನ್ನೂ ಹೇಳಿದ. ಹೇಳುತ್ತ ಹೇಳುತ್ತ, ಇರ್ಲಿ ಬಿಡು, ಹೇಗಾದ್ರೂ ಪೌಚಿನ ಮಾತು ಬರದ ಹಾಗೆ ಹೇಳಿ ನೋಡ್ತೀನಿ ಎಂದು ಸೇರಿಸಿದ. ಅವಳು ಎದ್ದು ಮಷೀನಿನ ಕೆಳಗಿನ ಚಿಂದಿಬಟ್ಟೆಯ ಚೀಲಕ್ಕೆ ಮೊಳಕೈ ತನಕ ಕೈ ಹಾಕಿ ಪೌಚನ್ನು ಹೊರಗೆ ತೆಗೆದಳು. ಒಂದು ಅಂಚಿನಲ್ಲಿ ಗುಂಡು ಸುಟ್ಟ ಕಪ್ಪು ಗುರುತು ಇನ್ನೂ ಹಾಗೇ ಇತ್ತು. ನಾಳೆ ತಾನೂ ಬರುವುದಾಗಿ ಹೇಳಿದಳು. ನೀನ್ಯಾಕೆ ಎಂದು ಅವನು ಕೇಳಿದ್ದಕ್ಕೆ, ಹೊಲಿದವಳು ಪಕ್ಕದಲ್ಲಿ ಇರಬೇಕು ಎಂದಳು, ಅಷ್ಟೇ.

ಮಾರನೆಯ ಬೆಳಿಗ್ಗೆ ಗಾರ್ಡುಗಳು ಬರುವ ಮುಂಚೆ ಇಬ್ಬರೂ ಆಯುಧದ ಕೋಣೆಯ ಕಿಂಡಿಯ ಮುಂದೆ ನಿಂತರು. ಮೇಷ್ಟ್ರು ಎಂದಿನಂತೆ ಮೊದಲು ಅವನ ಕೈ ನೋಡಿ, ಮುಖ ತಿರುಗಿಸುವುದರಲ್ಲಿದ್ದರು. ಅವಳು ಪೌಚನ್ನು ಕಿಂಡಿಯ ಕಟ್ಟೆಯ ಮೇಲಿಟ್ಟು, ಇದನ್ನು ರಟ್ಟಿನ ಅಳತೆಗೆ ಹೊಲಿದವಳು ನಾನು, ಇವರು ನನ್ನನ್ನು ಕಾಪಾಡೋಕೆ ಸುಳ್ಳು ಹೇಳಿದ್ದಾರೆ, ಇವರ ಬೆರಳು ತಾಗಿಲ್ಲ ಎಂದಳು. ಇನ್ನೊಂದ್ಸಲಣ್ಣ ಹಾಡುಗಾರನ ವಿಷಯವನ್ನೂ ಹೇಳಿದ. ಮೇಷ್ಟ್ರು ಪೌಚನ್ನು ತಿರುಗಿಸಿ ನೋಡಿದರು. ಆಮೇಲೆ ಬೀರುವಿನ ಬೀಗ ತೆಗೆದರು, ಮ್ಯಾನೇಜರಿಗೆ ಹೇಳಿಕಳಿಸಿದರು, ಯಾವ ವ್ಯಾನೂ ಹೊರಡಬಾರದು ಎಂದರು.

ಮ್ಯಾನೇಜರು ಗಡಿಯಾರ ನೋಡಿಕೊಳ್ಳುತ್ತಲೇ ಬಂದರು. ಹಾಡುಗಾರ, ಚಾಲಕ, ಇನ್ನೂ ಕೆಲವರು ಬಾಗಿಲಲ್ಲಿ ಗುಂಪಾದರು. ಮೇಷ್ಟ್ರು ಪಿಸ್ತೂಲು ಖಾಲಿ ಇದೆಯೆಂದು ಎಲ್ಲರಿಗೂ ತೋರಿಸಿ, ಸುತ್ತಿಗೆಯನ್ನು ಹಿಂದಕ್ಕೆ ಎಳೆದು ನಿಲ್ಲಿಸಿ, ಸೇಫ್ಟಿ ಹಾಕಿ, ಪೌಚಿನೊಳಗೆ ಸೇರಿಸಿದರು. ಮೊದಲು ಉಬ್ಬಿದ ಹೊಲಿಗೆಯ ಜಾಗವನ್ನು ಹೆಬ್ಬೆರಳಿನಿಂದ ಗಟ್ಟಿಯಾಗಿ ಒತ್ತಿದರು. ಏನೂ ಆಗಲಿಲ್ಲ. ತೆಗೆದು ನೋಡಿದರೆ ಸೇಫ್ಟಿ ಅಲ್ಲಾಡಿರಲಿಲ್ಲ. ಮತ್ತೆ ಸೇರಿಸಿ, ಚರ್ಮವನ್ನು ಹಿಂಡಿದರು, ತಿರುಚಿದರು. ಏನೂ ಇಲ್ಲ. ಕೊನೆಗೆ ಪೌಚನ್ನು ಸೊಂಟದ ಎತ್ತರಕ್ಕೆ ಹಿಡಿದು, ಪೆಟ್ಟಿಗೆಯ ಮೂಲೆ ತಾಗುವ ಹಾಗೆ ರಬ್ಬರಿನ ಸುತ್ತಿಗೆಯಿಂದ ಪಕ್ಕಕ್ಕೆ ಮೆಲ್ಲನೆ ತಟ್ಟಿದರು.

ಕಟಕ್.

ಅವಳು ಕಣ್ಣು ಮುಚ್ಚಿದಳು. ಇನ್ನೊಂದ್ಸಲಣ್ಣ ಅವಳ ಭುಜಕ್ಕೆ ಭುಜ ತಾಗಿಸಿ ನಿಂತ. ಮ್ಯಾನೇಜರು, ಹಾಗಾದ್ರೆ ಪೌಚಿನದೇ ಎಂದು ಶುರು ಮಾಡಿದರು. ಕಣ್ಣು ಮುಚ್ಚಿಕೊಂಡೇ ಅವಳು ಮಾತಾಡಿದಳು.

"ಪೌಚಿಲ್ದೆ ನೋಡಿ ಮೇಷ್ಟ್ರೇ."

ಮೇಷ್ಟ್ರು ಪಿಸ್ತೂಲನ್ನು ಹೊರತೆಗೆದು, ಮತ್ತೆ ಸುತ್ತಿಗೆ ಎಳೆದು, ಸೇಫ್ಟಿ ಹಾಕಿ, ಬರಿಯ ಅಂಗೈ ಮೇಲಿಟ್ಟುಕೊಂಡರು. ಸುತ್ತಲೂ ಚರ್ಮವಿಲ್ಲ, ಹೊಲಿಗೆಯಿಲ್ಲ, ಯಾರ ಬೆರಳೂ ಇಲ್ಲ. ರಬ್ಬರಿನ ಸುತ್ತಿಗೆಯಿಂದ ಮಲಗಿದ ಮಗುವನ್ನು ತಟ್ಟುವಷ್ಟು ಮೆತ್ತಗೆ ತಟ್ಟಿದರು. ಕಟಕ್ ಎಂದಿತು.

"ಇನ್ನೊಂದ್ಸಲ ನೋಡಿ ಮೇಷ್ಟ್ರೇ" ಎಂದ ಇನ್ನೊಂದ್ಸಲಣ್ಣ.

ಬಾಗಿಲಲ್ಲಿದ್ದ ಒಬ್ಬರೂ ನಗಲಿಲ್ಲ. ಮೇಷ್ಟ್ರು ಇನ್ನೊಂದ್ಸಲ ನೋಡಿದರು, ಮತ್ತೂ ಒಂದ್ಸಲ ನೋಡಿದರು. ಪ್ರತಿಸಲ ಅದೇ ಸದ್ದು. ಆಮೇಲೆ ಹಾಡುಗಾರನದನ್ನು ತರಿಸಿದರು. ಅದರ ಸುತ್ತಿಗೆಯೂ ಬಿತ್ತು. ಉಳಿದ ಹೊಸ ಪಿಸ್ತೂಲುಗಳಲ್ಲಿ ಕೆಲವು ಗಟ್ಟಿಯಾಗಿ ನಿಂತವು, ಕೆಲವು ಬಿದ್ದವು. ಒಳಗೆ ಸುತ್ತಿಗೆಯನ್ನು ತಡೆದು ಹಿಡಿಯುವ ಪುಟ್ಟ ಕೊಕ್ಕೆಯನ್ನು ಮಾಡಿದವರು ಸರಿಯಾಗಿ ಮಾಡಿರಲಿಲ್ಲ, ಸೇಫ್ಟಿ ಅದನ್ನು ಹಿಡಿದಂತೆ ನಟಿಸುತ್ತಿತ್ತು, ಅಷ್ಟೇ. ಚಾಲಕ ತನ್ನ ಬೆನ್ನನ್ನು ತಾನೇ ಒಂದು ಸಲ ತಡವಿಕೊಂಡು, ಹೋಗಿ ಹೊರಗಿನ ಕಟ್ಟೆಯ ಮೇಲೆ ಕೂತುಬಿಟ್ಟ. ಮ್ಯಾನೇಜರು ಗಡಿಯಾರ ನೋಡುವುದನ್ನು ಬಿಟ್ಟರು. ಹಳೆಯ ಪಿಸ್ತೂಲುಗಳನ್ನೇ ಹೊರಗೆ ತೆಗೆಯಲು ಹೇಳಿದರು. ಕ್ಷಮಿಸಿ ಎಂದೇನೂ ಅವರ ಬಾಯಿಂದ ಬರಲಿಲ್ಲ. ಬರುವ ವಾರದಿಂದ ವ್ಯಾನಿಗೆ ಹೋಗಪ್ಪಾ ಎಂದು ನೆಲ ನೋಡಿಕೊಂಡು ಹೇಳಿದರು.

ಕ್ಷಮೆಯ ಮಾತು ಬಂದದ್ದು ಬೇರೆಯವರಿಂದ. ಮೇಷ್ಟ್ರು ಕಿಂಡಿಯ ಬದಿಯ ಬಾಗಿಲು ತೆಗೆದು ಈಚೆ ಬಂದರು. ವಯಸ್ಸಾದ ಕೈ, ಎಣ್ಣೆಯ ವಾಸನೆ. ಆ ಕೈಯಲ್ಲಿ ಅವನ ಬಲಗೈ ಹಿಡಿದುಕೊಂಡರು.

"ಸೇಫ್ಟಿ ಹಾಕಿದ್ರೆ ಇದು ಬರೀ ಕಬ್ಬಿಣ ಅಂತ ಹೇಳ್ಕೊಟ್ಟವನು ನಾನು. ನೀನು ನನ್ನ ಮಾತು ನಂಬ್ದೆ. ನಾನು ನಿನ್ನ ಬೆರಳು ನಂಬ್ಲಿಲ್ಲ."

ಇರ್ಲಿ ಬಿಡಿ ಮೇಷ್ಟ್ರೇ, ಡ್ರಮ್ಮಿನ ಮರಳಲ್ಲಿ ಮತ್ತೆ ಕಲ್ಲು ಸೇರ್ಕೊಂಡಿದೆ, ಆರಿಸ್ಬೇಕು ಎಂದ ಅವನು. ಮೇಷ್ಟ್ರು ಅವನ ಕೈ ಬಿಡದೆ ಹೆಂಡತಿಯ ಕಡೆ ತಿರುಗಿ, ಹೊಲಿಗೆ ಬಹಳ ಗಟ್ಟಿ ಇದೆ ತಾಯಿ, ನಾನು ಅಷ್ಟು ತಿರುಚಿದರೂ ಒಂದು ಎಳೆ ಬಿಚ್ಚಲಿಲ್ಲ ಎಂದರು. ಅವಳು ಪೌಚನ್ನು ತೆಗೆದುಕೊಂಡು, ಒಂದು ಕಡೆ ಉಬ್ಬಿದೆ, ಸರಿ ಮಾಡಿ ಕೊಡ್ತೀನಿ ಎಂದಳು. ಅಷ್ಟು ಹೊತ್ತು ತಡೆದ ಅಳು ಆಗ ಬಂತು. ಗೇಟಿನ ತನಕವೂ ಅವಳು ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಲೇ ನಡೆದಳು.

ಗೇಟಿನಾಚೆ ರಸ್ತೆ ದಾಟಬೇಕಿತ್ತು. ಬಸ್ಸು, ಸೈಕಲ್ಲು, ಗಾಡಿಗಳ ಸಾಲು. ಅಟ್ಟದ ಮೇಲಿನ ಸೂಜಿ ಡಬ್ಬಿ ಇಳಿಸಿಕೊಡಬೇಕು ಎಂದು ಅವಳು ಹೇಳುತ್ತಿದ್ದಳು. ಅವನು ಹೂಂ ಎನ್ನುತ್ತ ಪದ್ಧತಿಯಂತೆ ಅವಳ ಕೈ ಹಿಡಿದ. ಇಂದಾದರೂ ಅವಳ ಹಳೆಯ ಆಸೆ ನಡೆಸಿಕೊಡೋಣ ಎಂದು ಅವನಿಗೆ ಅನ್ನಿಸಿತು. ಮನಸ್ಸಿಟ್ಟು ಆ ತೋರುಬೆರಳನ್ನೂ ಮಡಚಿ, ಉಳಿದ ನಾಲ್ಕರ ಜೊತೆ ಅವಳ ಕೈ ಸುತ್ತ ಬಿಗಿಯಾಗಿ ಹಿಡಿದುಕೊಂಡ. ರಸ್ತೆಯ ನಡುವೆ ಬಂದರೂ ಅದು ಚಾಚದಂತೆ ನೋಡಿಕೊಂಡ.

ಅವಳು ಕೈ ನೋಡಿಕೊಂಡಳು. ಹಿಂದಿನಿಂದ ಯಾರೋ ಹಾರ್ನ್ ಹೊಡೆದರು. ಅವಳು ಅಲ್ಲೇ ನಿಂತು, ಇನ್ನೊಂದು ಕೈಯಿಂದ ಆ ಬೆರಳನ್ನು ಬಿಡಿಸಿ, ನೆಟ್ಟಗೆ ಮಾಡಿ, ತನ್ನ ಮಣಿಕಟ್ಟಿನ ಮೇಲೆ ಮಲಗಿಸಿದಳು.

"ಬೇಡ ರೀ. ಅದು ಹಾಗೇ ಇರ್ಲಿ" ಎಂದಳು.

ಇಬ್ಬರೂ ರಸ್ತೆ ದಾಟಿ ಬಸ್ಸಿಗೆ ಕಾದರು.